ಉರಿದಷ್ಟೂ ಉದ್ದವಾದ ಮೇಣದಬತ್ತಿ

ಗ್ಲೆಂಡೇಲಿನ ಈ ವೃದ್ಧಾಶ್ರಮದಲ್ಲಿ
ಡಿಸೆಂಬರ್ ಇಪ್ಪತ್ನಾಲ್ಕರ ರಾತ್ರಿ ಪಾಳಿ ಯಾವಾಗಲೂ ನನಗೇ.
'ನಿಮ್ಮ ಅರ್ಮೇನಿಯನ್ನರ ಹಬ್ಬ ಜನವರಿ ಆರಕ್ಕಲ್ಲವೇ ರೂಜಾನ್,
ನಿನಗೇನು ತೊಂದರೆ?' ಎಂದು ಕೇಳುತ್ತಾರೆ,
ಕೇಳುವ ಮೊದಲೇ ಹೆಸರು ಬರೆದಿರುತ್ತಾರೆ.

ಈ ಸಲ ಮಗನನ್ನೂ ಕರೆತಂದೆ. ವಾಹೆಗೆ ಒಂಬತ್ತು.
ಹಾಲಿನ ಟೀವಿಯಲ್ಲಿ ಅದೇ ಹಳೆಯ ಸಿನಿಮಾ:
ಹಿಮ ಸುರಿಯುವ ಊರು, ಹಾಡಿನ ಮೇಲೆ ಹಾಡು.
ಅರ್ಧಚಂದ್ರಾಕಾರದಲ್ಲಿ ಗಾಲಿಕುರ್ಚಿಗಳು,
ನಿದ್ದೆಗೂ ಎಚ್ಚರಕ್ಕೂ ನಡುವೆ ಹನ್ನೊಂದು ಜನ.

ವಾಹೆ ಕಿರುಚಿದ:
'ಅಮ್ಮಾ, ಆ ಕುರಿ ಕಾಯುವವನ ಕೈಲಿ ವಾಚು!'
ಹೌದಲ್ಲ! ಎರಡು ಸಾವಿರ ವರ್ಷ ಹಳೆಯ ಕುರಿಗಾಹಿ
ದೇವದೂತರತ್ತ ಕೈ ಎತ್ತಿದ, ಕಂಬಳಿ ಜಾರಿತು,
ಫಳ್ಳೆಂದಿತು ಸ್ಟೀಲಿನ ಪಟ್ಟಿ.

ಅಷ್ಟೇ ಸಾಕಾಯಿತು. ನಿದ್ದೆ ಹಾರಿತು ಎಲ್ಲರದ್ದೂ.
ಬೇಕರಿಯವನ ಮೀಸೆ ಪಲ್ಲವಿಯಲ್ಲಿ ಮೂಗಿನ ಕೆಳಗಿತ್ತು,
ಚರಣಕ್ಕೆ ಬರುವಷ್ಟರಲ್ಲಿ ಕೆನ್ನೆಗೆ ವಲಸೆ ಹೋಗಿತ್ತು.
ನಾಯಕಿ ಕಣ್ಮುಚ್ಚಿ ವಿರಹ ಹಾಡುತ್ತಿದ್ದರೆ
ಹಿಂದೆ ಕುದುರೆ ಬಾಗಿಲಿನ ಹಸಿರು ಹಾರವನ್ನು
ನಿಧಾನಕ್ಕೆ, ರುಚಿ ನೋಡಿ ನೋಡಿ, ಪೂರ್ತಿ ತಿಂದಿತು.
ಎರಡನೇ ಸಾಲಿನ ಹುಡುಗಿಯೊಬ್ಬಳು
ಎಲ್ಲರೂ ಬಲಕ್ಕೆ ತಿರುಗಿದಾಗ ಎಡಕ್ಕೆ ತಿರುಗಿ,
ಡಿಕ್ಕಿ ಹೊಡೆದು, 'ಸಾರಿ' ಅಂದದ್ದು
ತುಟಿಯಲ್ಲಿ ಸ್ಪಷ್ಟ ಕಾಣುತ್ತಿತ್ತು.
ಮಾಜಿ ಪೋಸ್ಟ್‌ಮ್ಯಾನ್ ಓಡಮ್ ಸಾಹೇಬರು ಮೇಜು ಗುದ್ದಿದರು:
'ಆ ಕಾಗದಕ್ಕೆ ಸ್ಟಾಂಪೇ ಇಲ್ಲ! ತಲುಪಿದ್ದು ಹೇಗೆ?'

ಆಗ ಮೂಲೆಯಿಂದ,
ವಾರದಿಂದ ತುಟಿ ಬಿಚ್ಚದ ಡೆಲ್ಫೀನ್ ಹ್ಯಾಕೆಟ್:
'ಅದೆಲ್ಲ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.'

ಕಂಟಿನ್ಯುಟಿ ಹುಡುಗಿ. ಕಿವಿಯ ಮೇಲೆ ಪೆನ್ಸಿಲ್,
ತೊಡೆಯ ಮೇಲೆ ನೋಟುಬುಕ್ಕು.
ಲೋಟ ಎಡಗೈಲಿ, ಅರ್ಧ ಖಾಲಿ.
ಮೇಲಿನ ಗುಂಡಿ ಬಿಚ್ಚಿದೆ.
ಕಣ್ಣೀರು ಬಲಗೆನ್ನೆಗೆ ಮಾತ್ರ.
'ಜುಲೈ ತಿಂಗಳ ಸೆಕೆ. ಹಿಮ ಅಂದರೆ ಸೋಪಿನ ಪುಡಿ,
ಬಾಯಿ ತೆರೆದು ಹಾಡಿದವರೆಲ್ಲ ನೊರೆ ಉಗಿದರು.
ಮೀಸೆಯ ಅಂಟು ಕರಗದೆ ಏನು ಮಾಡೀತು?'

'ಮತ್ತೆ ವಾಚು?' ವಾಹೆ ಬಿಡಲಿಲ್ಲ.
'ನೋಡಿದ್ದೆ ಮಗು. ಆರೂ ಇಪ್ಪತ್ತಕ್ಕೆ ಅವನ ಕೊನೆಯ ಬಸ್ಸು.
ನಾನು ಬಾಯಿಬಿಟ್ಟಿದ್ದರೆ ಇನ್ನೊಂದು ಟೇಕು,
ಅವನು ಒಂಬತ್ತು ಮೈಲಿ ನಡೆಯಬೇಕಿತ್ತು.'

ಕುದುರೆಯದೂ ಗೊತ್ತಿತ್ತಂತೆ. ಪಾಪ, ಹಸಿದಿತ್ತಂತೆ.

ಆಮೇಲೆ ಕಿಟಕಿಯ ಹಾಡು ಬಂತು.
ವಾಹೆ ನಿಲ್ಲಿಸಿದ, ಹಿಂದಕ್ಕೆ ಓಡಿಸಿದ, ಮತ್ತೆ ಹಾಕಿದ.
'ಅಜ್ಜೀ, ಆ ಮೇಣದಬತ್ತಿ ನೋಡಿ.
ಹಾಡಿನ ಶುರುವಿನಲ್ಲಿ ಗಿಡ್ಡ,
ಮುಗಿಯುವಾಗ ಉದ್ದ!'
ಬೆರಳಲ್ಲಿ ಅಳೆದು ತೋರಿಸಿದ.

ಡೆಲ್ಫೀನ್ ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.
'ಇದು...' ಅಂದರು. 'ಇದನ್ನು ನಾನು ನೋಡಲೇ ಇಲ್ಲ.'

ಬಹಳ ಹೊತ್ತಿನ ಮೇಲೆ, ನನ್ನೊಬ್ಬಳಿಗೆ ಕೇಳುವಷ್ಟೇ ದನಿಯಲ್ಲಿ:
ದೀಪಗಳ ಅಟ್ಟದ ಮೇಲೆ ಕಾಲು ಇಳಿಬಿಟ್ಟು
ಒಬ್ಬ ಹುಡುಗ ಪೀಚ್ ಹಣ್ಣು ತಿನ್ನುತ್ತಿದ್ದ ಆವತ್ತು.
ರಸ ಮೊಣಕೈವರೆಗೆ ಇಳಿದಿತ್ತು.
'ಯಾವ ಕೈ?' ಅಂದೆ, ತಮಾಷೆಗೆ.
'ಎಡಗೈ,' ಅಂದರು ತಟ್ಟನೆ.
ಹೆಸರು ಕೇಳಿದೆ.
'ಅದನ್ನು ಬರೆದುಕೊಳ್ಳಲಿಲ್ಲ.'

ಹನ್ನೆರಡಕ್ಕೆ ಅವರನ್ನು ಮಲಗಿಸಿದೆ.
ಮಾತ್ರೆ, ನೀರು, ಹೊದಿಕೆ.
ಹಾಲಿನಲ್ಲಿ ವಾಹೆ ಇನ್ನೂ ಬತ್ತಿಯನ್ನು
ಗಿಡ್ಡ ಮಾಡುತ್ತಿದ್ದ, ಉದ್ದ ಮಾಡುತ್ತಿದ್ದ.
ದೀಪ ಆರಿಸಲು ಕೈ ಚಾಚಿದಾಗ
ಡೆಲ್ಫೀನ್ ಕಣ್ಣು ಮುಚ್ಚಿಕೊಂಡೇ ಅಂದರು:
'ಸಂಜೆ ನೀನು ಬಂದಾಗ ಎರಡು ಓಲೆ ಇದ್ದವು.'

ನಾನು ಕಿವಿ ಮುಟ್ಟಿ ನೋಡಿಕೊಂಡೆ.