ಒಂದು ಗೀಟು

ಸಂತ ಪೇತ್ರನ ಹಬ್ಬದ ರಾತ್ರಿ.
ಪೋವಾದ ಬೀದಿಬೀದಿಗೂ ಬೂತಾಯಿ ಸುಡುವ ಹೊಗೆ.
ಅಪ್ಪ ಬರಿಗಾಲಲ್ಲಿ ನಿಂತು ಕತೆ ಹೇಳುತ್ತಿದ್ದ.
ಮೊದಲು ವಾಸನೆ ಹಿಡಿದವಳು ದೊಡ್ಡಮ್ಮ ಜುಲ್ಮಿರಾ:
‘ಕುಸ್ತೋದಿಯೋ, ಇದು ಮೀನಲ್ಲ.’
ಹಿಮ್ಮಡಿಯ ಕೆಳಗೆ ಕೆಂಡ.
ಅಪ್ಪ ಬಗ್ಗಿ ನೋಡಿದ,
ಯಾರದೋ ಕಾಲು ನೋಡುವ ಹಾಗೆ.

ಆಗ ಅವನಿಗೆ ಮೂವತ್ತನಾಲ್ಕು.
ನಮ್ಮ ಬೆಸ್ತರ ಕೇರಿ ಇದನ್ನು ಪುಟ್ಟಪಾದದ ಕಾಯಿಲೆ ಎನ್ನುತ್ತದೆ,
ಕೂಸಿಗೆ ಹೆಣೆದ ಕಾಲುಚೀಲದ ಹೆಸರಿನಷ್ಟು ಮುದ್ದಾಗಿ.

ಡಾಕ್ಟರಮ್ಮ ಉದ್ದದ ಹೆಸರು ಹೇಳಿದಳು: ಟ್ರಾನ್ಸ್‌ಥೈರೆಟಿನ್.
ಲಿವರಿನಲ್ಲಿ ಹುಟ್ಟಿ ರಕ್ತದಲ್ಲಿ ಅಲೆಯುವ ಹಮಾಲಿ;
ಥೈರಾಯ್ಡಿನ ಸರಕು, ಕಣ್ಣಿಗೆ ಬೇಕಾದ ವಿಟಮಿನ್ನು,
ಎಲ್ಲ ಹೊರುವುದು ಅವನೇ.
ಅವನೆಂದರೆ ಒಬ್ಬನಲ್ಲ, ತದ್ರೂಪು ನಾಲ್ವರು,
ದೋಣಿಯನ್ನು ದಡಕ್ಕೆಳೆಯುವವರಂತೆ ಹೆಗಲಿಗೆ ಹೆಗಲು.
ಒಬ್ಬೊಬ್ಬನೂ ನೂರಿಪ್ಪತ್ತೇಳು ಮಣಿಗಳ ಸರ.
ನಮ್ಮ ಮನೆಯ ಸರದಲ್ಲಿ ಮೂವತ್ತನೆಯ ಮಣಿ ಬೇರೆ:
ವ್ಯಾಲಿನ್ ಇರಬೇಕಾದಲ್ಲಿ ಮೆಥಿಯೊನಿನ್,
ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದಕ್ಕೆ.
ಅಷ್ಟಕ್ಕೇ ಹೆಗಲು ಸಡಿಲ. ನಾಲ್ವರೂ ನಾಲ್ಕು ದಿಕ್ಕು.
ಮಡಿಕೆ ಬಿಚ್ಚಿ, ಸಿಕ್ಕುಸಿಕ್ಕಾಗಿ ಹೆಣೆದುಕೊಂಡು
ನರಗಳ ಸಂದಿಯಲ್ಲಿ ಕೂತರು,
ಯಾರೂ ಎತ್ತದ ಹಳೆ ಬಲೆಯ ರಾಶಿಯಂತೆ.

ಒಂದಕ್ಷರದಿಂದ ಏನು ಮಹಾ ಎನ್ನಬೇಡಿ.
ಕಾಲು ಕಲ್ಲಾಗಲು ಎಷ್ಟು ಬೇಕು?
ಒಂದು ದೀರ್ಘ ಹೋಗಿ ಒಂದು ಒತ್ತು ಬಂದರೆ ಸಾಯ್ತು.

ಓದು ಬಾರದ ಕಾಲದಿಂದ ನಮ್ಮಲ್ಲಿ ಮನೆತನಕ್ಕೊಂದು ಗುರುತು:
ದೋಣಿಗೆ, ಬೆಂಡಿಗೆ, ಊಟದ ಮೇಜಿಗೆ, ಗೋರಿಗೂ ಅದೇ.
ನಮ್ಮದು ಅರ್ಧ ಲಂಗರು.
ಹಿರಿಮಗನಿಗೆ ಅದರ ಮೇಲೊಂದು ಗೀಟು, ಮುಂದಿನವನಿಗೆ ಎರಡು.
ಕಡೆಯವನಿಗೆ ಗೀಟಿಲ್ಲ;
ಅಪ್ಪನ ಗುರುತು ಇದ್ದದ್ದು ಇದ್ದ ಹಾಗೆ, ದೋಣಿಯ ಸಮೇತ.
ನಾನು ಅಡೆಲಿನೊ, ಹಿರಿಯ. ನನ್ನ ಹುಟ್ಟಿನ ಮೇಲೊಂದು ಗೀಟು,
ಯಾವ ಹುಟ್ಟು ಎಂದು ನೀವೇ ತಿಳಿದುಕೊಳ್ಳಿ.

ಪೋರ್ತೊ ಆಸ್ಪತ್ರೆ ಇಬ್ಬರನ್ನೂ ಒಂದೇ ದಿನ ಕರೆಯಿತು.
ನನ್ನ ರಕ್ತದಲ್ಲಿ ಅಕ್ಷರ ಸರಿಯಿದೆಯಂತೆ.
ತಮ್ಮ ಫಿರ್ಮಿನೋ ಹೊರಬಂದು
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅಂದ:
‘ಗೊತ್ತಿತ್ತು ಬಿಡು. ಅಪ್ಪನ ಗುರುತು ನನಗೇ ತಾನೆ ಬರಬೇಕು.’
ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂರಿಸಿದೆ.
ಅಷ್ಟೇ ನನ್ನಿಂದ ಆದದ್ದು.

ಅಪ್ಪನಿಗೆ ಹೊಸ ಲಿವರು ಹಾಕಿದ ದಿನ
ಹಳೆಯದನ್ನು ಅವರು ಎಸೆಯಲಿಲ್ಲ.
ಆ ಒಂದು ತಪ್ಪು ಬಿಟ್ಟರೆ ಅದು ಗಟ್ಟಿಮುಟ್ಟು;
ಕ್ಯಾನ್ಸರಿನಿಂದ ಸಾಯುತ್ತಿದ್ದ ಯಾರಿಗೋ ಜೋಡಿಸಿದರು.
ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ಹೆಸರಿಲ್ಲದೆ, ಆಸ್ಪತ್ರೆಯ ಕೈಯಿಂದ:
ಮೊಮ್ಮಗಳು ಹುಟ್ಟಿದಳು. ನಿಂಬೆ ಗಿಡ ಕಾಯಿ ಬಿಟ್ಟಿತು.
ಒಂಬತ್ತನೆಯದನ್ನು ಅಪ್ಪ ಓದಿ ಮಡಚಿ ಜೇಬಿಗಿಟ್ಟ:
‘ಈಚೆಗೆ ಹೆಬ್ಬೆರಳು ಜುಮ್ಮೆನ್ನುತ್ತದೆ. ಚಿಂತೆಯಿಲ್ಲ.
ಒಂಬತ್ತು ವರ್ಷ ಕೊಟ್ಟಿರಿ.’
ಆ ರಾತ್ರಿ ಒಂದು ಹಲಗೆಯ ಮೇಲೆ ನಮ್ಮ ಗುರುತು ಕೊರೆದು,
ಇವನಿಗೆ ಗೀಟು ಹಾಕಲೋ ಬೇಡವೋ ಎಂದು
ಚಾಕು ಹಿಡಿದು ಕೂತೇ ಇದ್ದ.

ಅಪ್ಪ ಹೋದ. ಈಗ ಗುಳಿಗೆ ಬಂದಿದೆ, ದಿನಕ್ಕೊಂದು;
ನಾಲ್ವರ ಹೆಗಲು ಜಾರದಂತೆ ನಡುವೆ ಹೊಕ್ಕು ಹಿಡಿಯುತ್ತದಂತೆ.
ಫಿರ್ಮಿನೋ ಅದನ್ನು ಕಾಫಿಯ ಜೊತೆ ನುಂಗಿ ದೋಣಿಗೆ ಹೋಗುತ್ತಾನೆ.
ಬರುವಾಗ ನಡುಮಧ್ಯಾಹ್ನ. ಆಗಸ್ಟಿನ ಮರಳು.
ನಾನು ಬಲೆ ಹೊಲಿಯುವ ನೆಪದಲ್ಲಿ ತಲೆ ಎತ್ತುವುದಿಲ್ಲ.
ಅವನು ಬೂಟು ಕಳಚುತ್ತಾನೆ. ಒಂದು ಕಾಲು ಇಡುತ್ತಾನೆ.
ನನ್ನ ಸೂಜಿ ಗಾಳಿಯಲ್ಲೇ ನಿಲ್ಲುತ್ತದೆ.

‘ಅಯ್ಯೋ ಸುಡ್ತಿದೆಯೋ!’ ಎಂದು ಕೂಗಿ
ಮೂವತ್ತೊಂದರ ಗಂಡಸು ನೀರಿನತ್ತ ಓಡುತ್ತಾನೆ,
ಬೈಯುತ್ತ, ನಗುತ್ತ,
ಒಂದೊಂದೇ ಕಾಲೆತ್ತಿ.