ಯಾರಲ್ಲಿ

ಬರೆಯುವಾಗ ಹ, ಬಾಯಿಗೆ ಬಂದಾಗ ಕ.
ಇಲ್ಲುಗಿ ಐಸ್‌ಲ್ಯಾಂಡಿನ ಶಾಲೆಯಲ್ಲಿ ಕಲಿತದ್ದು: ಕ್ವೆರ್.
ಅವನಜ್ಜಿ ಸ್ವಾನ್‌ಹಿಲ್ದುರ್ ಆಗ್ನೇಯ ಕರಾವಳಿಯವಳು,
ಹಿಮನದಿಯ ಬುಡದಲ್ಲಿ ಹುಟ್ಟಿದವಳು;
ಅವಳಿಗದು ಇವತ್ತಿಗೂ ಹ್ವೆರ್,
ಕನ್ನಡಕದ ಗಾಜಿಗೆ ಬಾಯಾವಿ ಬಿಟ್ಟ ಹಾಗೆ.
ನಮ್ಮ ಪಾಲು ಹಾಲಾಗುವಾಗಲೂ
ಯಾವಳೋ ಒಬ್ಬ ಅಜ್ಜಿ ಒಪ್ಪಿರಲಾರಳು.

ಅರ್ಥ ಕೇಳಿದರೆ
ಹೊರಗೆ ಕರೆದೊಯ್ದು ತೋರಿಸುತ್ತಾಳೆ:
ಬೇಲಿಯಾಚೆ ಬೂದು ಮಣ್ಣು,
ಕೊಳೆತ ಮೊಟ್ಟೆಯ ವಾಸನೆ,
ಕೊತಕೊತ ಕುದಿಯುವ ಗುಂಡಿ.
ಪಕ್ಕದ ಬಿಸಿ ಮರಳಲ್ಲಿ
ಹಾಲಿನ ಡಬ್ಬಿಗೆ ತುಂಬಿದ ರೈ ಹಿಟ್ಟು,
ನಿನ್ನೆ ಮಧ್ಯಾಹ್ನ ಹೂತದ್ದು.
"ಮೊದಲು ಇದು ಹಂಡೆಯ ಹೆಸರು," ಎನ್ನುತ್ತಾಳೆ,
"ಹಡಗಿನವರು ಹೊತ್ತು ತಂದದ್ದು ಒಂದೇ ಹಂಡೆ.
ಇಳಿದು ನೋಡಿದರೆ ಇಲ್ಲಿ ನೆಲವೇ ಒಲೆ, ನೆಲವೇ ಹಂಡೆ.
ಕೈ ಮರಗಟ್ಟಿರುವಾಗ
ಹೊಸ ಹೆಸರು ಹುಡುಕುತ್ತಾ ಯಾರು ಕೂರುತ್ತಾರೆ?"

ಪದ ಬಲ್ಲವರು ಹೇಳುತ್ತಾರೆ,
ಹೋಮದ ಚರು ಬೇಯುವ ಪಾತ್ರೆಗೂ ಈ ಹಂಡೆಗೂ
ಎಲ್ಲೋ ದೂರದಲ್ಲಿ ಒಬ್ಬಳೇ ಮುತ್ತಜ್ಜಿ.
ಇದ್ದೀತು. ತಳದ ಮಸಿ ಎಲ್ಲ ಕಡೆಯೂ ಕಪ್ಪು.

ಆದರೆ ಅದೇ ಸದ್ದಿಗೆ ಇನ್ನೊಂದು ಬಾಗಿಲು:
ಹ್ವೆರ್ ಅಂದರೆ ಯಾರು.
ಹ್ವೆರ್ ಅಂದರೆ ಒಬ್ಬೊಬ್ಬರೂ.
ಬೇರು ಬೇರೆ ಬೇರೆ,
ಹೆಸರು ಕೂಡಿದ ಮಾತ್ರಕ್ಕೆ ನೆಂಟರಲ್ಲ
ಎಂದು ನಿಘಂಟು ಗದರುತ್ತದೆ.
ಅಜ್ಜಿಯ ಮನೆಯಲ್ಲಿ ನಿಘಂಟು
ಮೇಜಿನ ಮೋಟುಗಾಲಿಗೆ ಆಸರೆ.

ಚಳಿ ಮುಗಿಯುವ ಹೊತ್ತಿಗೆ ಭೂಮಿ ನಡುಗಿತು.
ಕಪಾಟಿನ ಬಟ್ಟಲುಗಳಲ್ಲಿ ಎರಡು ಉಳಿದವು.
ಬೇಲಿಯಾಚೆಯ ಗುಂಡಿ ಸದ್ದಿಲ್ಲದೆ ಬತ್ತಿತು.
ಡಬ್ಬಿ ಅಗೆದು ತೆಗೆದರೆ
ಒಳಗೆ ಹಸಿ ಹಿಟ್ಟು,
ಅರವತ್ತು ವರ್ಷದಲ್ಲಿ ಮೊದಲ ಸಲ.

ಮೂರನೆಯ ರಾತ್ರಿ
ಅಡುಗೆಮನೆಯ ಕಡೆಯಿಂದ ಟಕ್, ಟಕ್.
ಓರ್ಮುರ್ ದೋಣಿಯಿಂದ ತಡವಾಗಿ ಬಂದರೆ ಹೀಗೇ
ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ;
ಕಡಲಿಗೆ ಹೋದವನಿಗೆ ಈಗ ಹತ್ತೊಂಬತ್ತು ವರ್ಷ.
ಹಾಸಿಗೆಯಿಂದಲೇ ಕೂಗಿದಳು:
ಹ್ವೆರ್ ಎರ್ ಥಾರ್?
ಯಾರಲ್ಲಿ?

ಬಾಗಿಲಾಚೆ ಯಾರೂ ಇಲ್ಲ. ಗಾಳಿಯೂ ಇಲ್ಲ.
ಬರಿಗಾಲಲ್ಲಿ ಅಡುಗೆಮನೆಗೆ ಬಂದಳು.
ನೆಲ ಬೆಚ್ಚಗಿತ್ತು,
ಈಗಷ್ಟೇ ಎದ್ದುಹೋದವರ ಹಾಸಿಗೆಯಷ್ಟು.
ತುಸು ಹೊತ್ತು ನಿಂತಳು.
ಆಮೇಲೆ ಪ್ರಶ್ನೆಯ ಬಾಲ ಇಳಿಸಿ
ಅದೇ ಮಾತನ್ನು, ಒಂದಕ್ಷರ ಬದಲಿಸದೆ,
ತನಗೇ ಹೇಳಿಕೊಂಡಳು:
ಹ್ವೆರ್ ಎರ್ ಥಾರ್.
ಬುಗ್ಗೆಯಿದೆ, ಅಲ್ಲಿ.

ಬೆಳಿಗ್ಗೆ ನಗರಸಭೆಯವರು ಬಂದರು,
ಟೋಪಿ ಕಳಚಿ, ಥರ್ಮಾಮೀಟರ್ ಹಿಡಿದು.
ಮನೆ ಇವತ್ತೇ ಖಾಲಿ ಮಾಡಬೇಕು, ಅಮ್ಮಾ.
ಇವತ್ತಾಗದು, ಅಂದಳು.
ಒಲೆಯ ಪಕ್ಕ ಎರಡು ಹಲಗೆ ಕಿತ್ತಿತ್ತು,
ಇಲ್ಲುಗಿಯ ಮೊಣಕಾಲಿಗೆಲ್ಲ ಮಣ್ಣು.
ನಾಳೆ ಮಧ್ಯಾಹ್ನ ಬನ್ನಿ,
ಬೆಣ್ಣೆ ನೀವೇ ತನ್ನಿ.