ಹಗ್ಗದ ಆ ತುದಿ

ಟೀವಿ ಕೆಟ್ಟಿದೆಯೆಂದು ಹೇಳಿಕಳಿಸಿದ್ದಳು ಆಂಗುಸ್ತಿಯಾಸ್.
ಚೀಲದಲ್ಲಿ ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ,
ತಾಬೆರ್ನಾಸಿನ ಏರುಗಲ್ಲಿಯಲ್ಲಿ ಏದುಸಿರು ಬಿಡುತ್ತ ಹೋದೆ.

ಟೀವಿ ಚೆನ್ನಾಗಿಯೇ ಇತ್ತು.
ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ,
ನಡುವೆ ಉದ್ದಕ್ಕೆ ಕಾಲು ಚಾಚಿದ ನಮ್ಮದೇ ಬೋಳುಗುಡ್ಡ.

"ನನಗಾಯಿತು, ಟೀವಿಗೂ ಕರಿ ಉಡಿಸಿದ್ದು ಯಾರು?
ಪೂರ್ತಿ ಗಾಜಿಗೆ ದುಡ್ಡು ಕೊಟ್ಟಿದೀನಿ,
ಅರ್ಧಕ್ಕಲ್ಲ."

ಮೊಮ್ಮಗ ತಂದ ಹೊಸ ಡಿಸ್ಕು, ಅಗಲ ಪರದೆಯದು.
ವಿವರಿಸಿದೆ: ಚಿತ್ರ ಅಗಲ, ಡಬ್ಬಿ ಚೌಕ.
ಚೌಕ ತುಂಬಬೇಕಾದರೆ ಎರಡು ಪಕ್ಕ ಕತ್ತರಿಸಬೇಕು,
ಬ್ರೆಡ್ಡಿನ ಅಂಚು ತೆಗೆದ ಹಾಗೆ.
"ಅಂಚೇ ರುಚಿ," ಎಂದಳು,
"ಹಲ್ಲಿದ್ದ ಕಾಲಕ್ಕೆ."

ಅರವತ್ತೇಳರಲ್ಲಿ ಪರದೇಶದವರು ಬಂದು
ಗುಡ್ಡದ ಬುಡದಲ್ಲಿ ಹಲಗೆಯ ಊರು ಕಟ್ಟಿದ್ದರು,
ಮುಂಬಾಗಿಲಷ್ಟೇ ಇದ್ದ ಊರು.
ನಮ್ಮ ಗಂಡಸರಿಗೆಲ್ಲ ಒಂದೊಂದು ಟೋಪಿ, ದಿನಗೂಲಿ.
ಹಿನೆಸನಿಗಿಂತ ಅವನ ಹೇಸರಗತ್ತೆಗೆ
ಹತ್ತು ಪೆಸೆಟಾ ಜಾಸ್ತಿ.

ಕ್ಯಾಸೆಟ್ಟಿನಲ್ಲಿ ಹದಿನಾರು ವರ್ಷ ನೋಡಿದ್ದೆವು.
ಪರದೆ ತುಂಬ ನಾಯಕನ ಗಡ್ಡ,
ಎಡಗಡೆ ಹೇಸರಗತ್ತೆಯ ಮೂತಿ,
ಮೂತಿಯಿಂದ ಹೊರಟ ಹಗ್ಗ
ಬಿಗಿಯಾಗಿ ಹೋಗಿ ಟೀವಿಯ ಮರದಂಚಿನಲ್ಲಿ
ತೀರಿಹೋಗುತ್ತಿತ್ತು.

"ಆ ತುದೀಲಿ ನಾನು," ಅನ್ನುತ್ತಿದ್ದ ಹಿನೆಸ್.
ಬಾರಿನವರು ನಗುತ್ತಿದ್ದರು.
ಒಮ್ಮೆ ಯಾರೋ ಟೀವಿಯ ಹಿಂದೆ ಬಗ್ಗಿ
"ಹೌದೌದು, ಇಲ್ಲೇ ಇದಾನೆ!" ಎಂದು ಕೂಗಿದ್ದರು.
ಯಾರೋ ಏನು, ನಾನೇ.

ಅವನು ಹೋಗಿ ಆರು ವರ್ಷ.

ಪಟ್ಟಿ ಬೇಡವಾದರೆ ರಿಮೋಟಿನಲ್ಲೊಂದು ಗುಂಡಿಯಿದೆ,
ಒತ್ತಿದರೆ ಚಿತ್ರ ಉಬ್ಬಿ ಗಾಜು ತುಂಬುತ್ತದೆ.
ನನ್ನ ಬೆರಳು ಅದರ ಮೇಲಿತ್ತು.
ಅಷ್ಟರಲ್ಲಿ ಮೂತಿ ಬಂತು.
ಹಗ್ಗ ಬಂತು,
ಎಂದೂ ದಾಟದ ಜಾಗ ದಾಟಿ ಇನ್ನೂ ಮುಂದೆ ಹೋಯಿತು,
ಒಂದು ಮುಷ್ಟಿ, ಗಿಡ್ಡ ತೋಳಿನ ಎರವಲು ಕೋಟು,
ಹಿನೆಸ್.
ಬಾಯಿ ತುಂಬ ಹಲ್ಲು.

ಚಿತ್ರ ನಿಲ್ಲಿಸಿದೆ. ನಾಲ್ಕು ಸೆಕೆಂಡಿನ ಮನುಷ್ಯ.
ಅವನು ನಾಯಕನನ್ನು ನೋಡುತ್ತಿಲ್ಲ, ಕ್ಯಾಮೆರಾವನ್ನೂ ಅಲ್ಲ.
ಮತ್ತೂ ಎಡಕ್ಕೆ, ಅಂಚಿನಾಚೆಗೆ,
ಯಾರನ್ನೋ ನೋಡಿ ನಗುತ್ತಿದ್ದಾನೆ.

ಆಂಗುಸ್ತಿಯಾಸ್ ಎದ್ದಳು.
ಗಾಜು ಮುಟ್ಟಲಿಲ್ಲ.
ಟೀವಿಯಿಂದ ಒಂದು ಗೇಣು ದೂರದ ಸುಣ್ಣದ ಗೋಡೆಗೆ
ಬೆರಳಿಟ್ಟಳು.
"ಇಲ್ಲಿ. ನೀರಿನ ಹೂಜಿ ಹಿಡಕೊಂಡು.
ಹಲ್ಲು ಬಿಡಬೇಡ ಮಾರಾಯ, ಕೂಲಿ ಮುರೀತಾರೆ ಅಂತ
ಸನ್ನೆ ಮಾಡ್ತಿದ್ದೆ."

ರಿಮೋಟು ಮೇಜಿನ ಮೇಲಿಟ್ಟೆ.
ಬಿಲ್ಲಿನಲ್ಲಿ ಏನು ಬರೆಯುವುದೆಂದು ತಿಳಿಯಲಿಲ್ಲ.
ಅವಳು ಕುರ್ಚಿಯನ್ನು ದರದರ ಎಳೆದುಕೊಂಡು
ಆ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಅಲ್ಲಿಂದ ನಿನಗೇನೂ ಕಾಣಲ್ಲ," ಎಂದೆ.

"ಅವನಿಗೆ ಕಾಣುತ್ತೆ."